ಎಡಗಡೆಯ ಕೈಗುಣ

ಅಪ್ಪನ ಅಂಗಡಿ, ಮುಂದಿನ ಮೇಜಿನಿಂದ
ಮಂಗಳವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಪ್ರೆಸ್ಸಿನಲ್ಲಿ ಆಳುಗಳಿದ್ದರೂ ಕಾಗದದ ಕಟ್ಟನ್ನು ನೀನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡೆಯಂತೆ, ಅತ್ತಿಗೆ ಹೇಳಿದರು. ಬಿಸಿನೀರಿನ ಶಾಖ ಕೊಡು, ಭಾರ ಎತ್ತಬೇಡ, ಒಂದು ಸಲವಾದರೂ ಹೇಳಿದ ಮಾತು ಕೇಳು. ಭಾನುವಾರದ ಹೊತ್ತಿಗೆ ನೀನು ಕುರ್ಚಿಯಲ್ಲಿ ನೆಟ್ಟಗೆ ಕೂರುವಂತಾಗಬೇಕು. ನಿನ್ನ ಆರೋಗ್ಯಕ್ಕಾಗಿ ನಾನು ಇಷ್ಟು ಮನಸಾರೆ ಹಾರೈಸಿದ್ದು ಇದೇ ಮೊದಲು, ಯಾಕೆಂದು ಮುಂದೆ ಗೊತ್ತಾಗುತ್ತದೆ. ಇಲ್ಲಿ ಅಮ್ಮ ಕ್ಷೇಮ. ಅಪ್ಪನ ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆದಾಯಿತು. ಈಗ ಎದುರು ಮನೆಯ ಮಹಡಿಯಲ್ಲಿ ಒಣಹಾಕಿದ ಅಂಗಿಗೆ ಎಷ್ಟು ಗುಂಡಿ ಹೋಗಿದೆ ಎಂದು ಇಲ್ಲಿಂದಲೇ ಹೇಳುತ್ತಾರೆ. ಯಾರ ಅಂಗಿ ಎಂದೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ನಗುತ್ತೀಯ, ಆಮೇಲೆ “ಏನೇ ಎಮ್ಮೆ” ಅನ್ನುತ್ತೀಯ, ಅಷ್ಟರಲ್ಲಿ ನನ್ನ ಸಿಟ್ಟು ಅರ್ಧ ಇಳಿದಿರುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಡ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ಅಂಗಡಿಗೆ ತಂದ ಹೊಸ ಕೀಬೋರ್ಡಿನಲ್ಲೇ ಇದನ್ನು ಟೈಪ್ ಮಾಡುತ್ತಿದ್ದೇನೆ. ಅದರ ಸದ್ದಿಗೆ ಅಮ್ಮ ಒಳಗಿಂದ ಎರಡು ಸಲ ಬಂದು “ಏನು ಕುಟ್ತಾ ಇದೀಯ?” ಎಂದು ಕೇಳಿಹೋದರು. ನಿಮ್ಮ ಮಗನಿಗೆ ಪತ್ರ ಬರೀತಾ ಇದೀನಿ ಎಂದೆ. ಪಾಪ, ಖುಷಿಪಟ್ಟರು.

ಹೋದ ವಾರ ನೀನು ಫೋನಿನಲ್ಲಿ ಆಡಿದ ಮಾತು ಮನೆಯವರೆಲ್ಲರ ಕಿವಿಗೂ ಬಿದ್ದಿದೆ. ಅಪ್ಪನಿಗೆ ವಯಸ್ಸಾಯಿತು, ಈ ಟೈಪಿಂಗ್ ಪ್ರಿಂಟಿಂಗ್ ಅಂಗಡಿಯಲ್ಲಿ ಏನಿದೆ, ಅದನ್ನು ಚಪ್ಪಲಿ ಮಾರುವವನಿಗೆ ಬಾಡಿಗೆಗೆ ಕೊಟ್ಟುಬಿಡೋಣ ಎಂದೆ. ನಾನು ಕೊಡುವುದಿಲ್ಲ ಎಂದೆ. ಅಪ್ಪ ಯಾರ ಕಡೆಗೂ ಹೇಳಲಾರದೆ ಕೆಮ್ಮಿದರು. ಆಗ ನೀನೇ, ಹೌದು ನೀನೇ, “ಜಗಳ ಯಾಕೆ? ಹಳೇ ಥರ ಕಂಪ್ಯೂಟರಲ್ಲಿ ಟ್ಯಾಂಕಿನ ಐದಾಟ ಆಡೋಣ. ಅವಳು ಗೆದ್ರೆ ಅಂಗಡಿ ಅವಳಿಗೆ” ಎಂದೆ. ಅಪ್ಪನ ಮುಖ ಅರಳಿತು. ನಮ್ಮ ಜಗಳ ಬಿಡಿಸಿ ಸಾಕಾಗಿ ಅವರು ಮಾಡಿದ ಕಾನೂನು ನಿನಗೆ ಗೊತ್ತೇ ಇದೆಯಲ್ಲ. ಆಟಕ್ಕೆ ಒಪ್ಪಿದ ಮೇಲೆ ಮಾತಿಲ್ಲ, ಸೋತವರು ಸುಮ್ಮನಿರಬೇಕು. ಹಿಂದಿನ ಸಲ ಸೋತವರು ಈ ಸಲ ಯಾವ ಕಡೆ ಕೂರಬೇಕೆಂದು ಆರಿಸಿಕೊಳ್ಳಬಹುದು. ಆಡುವುದಿಲ್ಲ ಎನ್ನುವವರು ಯಾಕೆ ಎಂದು ಎಲ್ಲರ ಮುಂದೆ ಹೇಳಬೇಕು. ಫೋನ್ ಇಡುವ ಮುಂಚೆ ನೀನು ಇನ್ನೊಂದು ಮಾತು ಸೇರಿಸಿದೆ: “ಆ ಹಳೇ ಕೀಬೋರ್ಡೇ ಇರ್ಲಿ ಅಪ್ಪಾ. ನನ್ ಕೈಗೆ ಅದೇ ರೂಢಿ.” ಅಪ್ಪ ಆಗಲಿ ಎಂದರು. ನಾನೂ ಅದರಲ್ಲಿ ಏನೂ ಹುಡುಕಲಿಲ್ಲ.

ಅಂಗಡಿ ಹೋದರೆ ನನ್ನ ಪಾಡೇನು ಎಂದು ನೀನು ಕೇಳಲಿಲ್ಲ. ಬೆಳಗ್ಗೆ ಶಟರ್ ಎತ್ತಿದಾಗಿನಿಂದ ಸಂಜೆ ಇಳಿಸುವವರೆಗೆ ಬಾಡಿಗೆ ಕರಾರು, ಅರ್ಜಿ, ಮಕ್ಕಳ ಪ್ರಾಜೆಕ್ಟು, ಕೆಲಸ ಬಿಡುವವರ ರಾಜೀನಾಮೆ, ವಾರ ಕಳೆದು ಅವರೇ ಮತ್ತೆ ಬಂದು ಬರೆಸುವ ಕ್ಷಮಾಪಣೆ, ಎಲ್ಲವೂ ಈ ಹತ್ತು ಬೆರಳಲ್ಲಿ ಆಗುತ್ತದೆ. ಇದು ನನ್ನ ಅನ್ನ, ನನ್ನ ಕುರ್ಚಿ. ಇದನ್ನು ನೀನು ಐದಾಟಕ್ಕೆ ಒಡ್ಡಿದೆ, ಯಾಕೆಂದರೆ ನನ್ನ ಕೈ ನಿಧಾನ ಎನ್ನುವುದು ಈ ಮನೆಯಲ್ಲಿ ಸೂರ್ಯ ಹುಟ್ಟುವಷ್ಟೇ ಖಾತ್ರಿಯಾದ ವಿಷಯ. ನನಗೂ ಹಾಗೇ ಅನ್ನಿಸಿತ್ತು. ಕೈ ನಿಧಾನವಾದರೆ ಕೀಬೋರ್ಡಾದರೂ ಚೆನ್ನಾಗಿರಲಿ, ಹೇಗಾದರೂ ಕಾಡಿಬೇಡಿ ನಿನ್ನನ್ನು ಒಪ್ಪಿಸಿದರಾಯಿತು ಎಂದುಕೊಂಡು ನಿನ್ನೆ ಪೇಟೆಗೆ ಹೋದೆ. ಹೇಗೂ ಹಳೆಯದರ ಅಕ್ಷರಗಳೆಲ್ಲ ಸವೆದು ಬೋಳಾಗಿವೆ. ಗಿರಾಕಿಗಳು ತಾವೇ ಟೈಪ್ ಮಾಡಲು ಕೂತರೆ ಕತ್ತಲಲ್ಲಿ ಸ್ವಿಚ್ ಹುಡುಕುವವರ ಹಾಗೆ ತಡಕಾಡುತ್ತಾರೆ.

ಕಂಪ್ಯೂಟರ್ ಸಾಮಾನಿನ ಅಂಗಡಿಯವರು ಚಹಾ ಹೀರುತ್ತಾ “ಆಟಕ್ಕೋ, ಕೆಲಸಕ್ಕೋ?” ಎಂದರು. ಎರಡಕ್ಕೂ ಎಂದೆ. ನನ್ನ ಮುಖ ನೋಡಿದರು, ನನ್ನ ತಲೆಯ ಬಿಳಿ ಕೂದಲು ನೋಡಿದರು, ಆಮೇಲೆ ಏನೂ ಕೇಳದೆ ಒಂದೊಂದೇ ಡಬ್ಬಿ ತೆರೆದರು. ಮೊದಲು ತೋರಿಸಿದ್ದರಲ್ಲಿ ಏಳೂ ಬಣ್ಣದ ದೀಪ ಓಡಾಡುತ್ತಿತ್ತು. ಅದರ ಮುಂದೆ ಕೂತು ಯಾರದ್ದಾದರೂ ಮರಣ ಪ್ರಮಾಣಪತ್ರದ ಅರ್ಜಿ ಟೈಪ್ ಮಾಡುವುದು ಹೇಗೆ ಹೇಳು. ಎರಡನೆಯದು ಆಟದವರಿಗೆ ಬಲು ಇಷ್ಟವಂತೆ, ಪುಟ್ಟದು, ಮುದ್ದಾಗಿತ್ತು, ಆದರೆ ಬಲಗಡೆ ಅಂಕಿಗಳ ಸಾಲೇ ಇಲ್ಲ. ದಿನವಿಡೀ ಬಿಲ್ಲು, ಮೊತ್ತ ಹೊಡೆಯುವ ನನಗೆ ಅದು ಬಲಗೈ ಕಟ್ಟಿಹಾಕಿದಂತೆ. ತಂತಿಯಿಲ್ಲದ್ದು ಬೇಡವೆಂದೆ, ಆಟದ ನಡುವೆ ಬ್ಯಾಟರಿ ಸತ್ತರೆ ಅದಕ್ಕೂ ನನ್ನ ಕೈಯನ್ನೇ ಬೈಯುತ್ತೀಯ. ಚಪ್ಪಟೆಯಾದದ್ದೊಂದಿತ್ತು, ಒತ್ತಿದರೆ ಚಹಾದಲ್ಲಿ ನೆನೆದ ಬಿಸ್ಕತ್ತು ಮುಟ್ಟಿದ ಹಾಗೆ. ಕೊನೆಗೆ ಎರಡು ಉಳಿದವು. ಒಂದರ ಪ್ರತಿ ಕೀ ಒಳಗೂ ಪುಟ್ಟ ಸ್ಪ್ರಿಂಗ್, ಒತ್ತಿದ್ದು ಬೆರಳಿಗಷ್ಟೇ ಗೊತ್ತಾಗುತ್ತದೆ, ಸದ್ದು ಕಡಿಮೆ. ಇನ್ನೊಂದೂ ಅಂಥದ್ದೇ, ಆದರೆ ಒತ್ತಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತದೆ. ಅಮ್ಮನ ಮಧ್ಯಾಹ್ನದ ನಿದ್ದೆ ನೆನೆದು ಸದ್ದಿಲ್ಲದ್ದನ್ನು ಎತ್ತಿಟ್ಟೆ.

ಅಲ್ಲಿಗೆ ಮುಗಿಯಬೇಕಿತ್ತು. ತಂತಿಯ ತುದಿ ನಮ್ಮ ಕಂಪ್ಯೂಟರಿಗೆ ಹೊಂದುತ್ತದೋ ನೋಡೋಣವೆಂದು ಹಳೆಯ ಕೀಬೋರ್ಡನ್ನೂ ಚೀಲದಲ್ಲಿ ಒಯ್ದಿದ್ದೆ. ಅವರು ಎರಡನ್ನೂ ಒಂದಾದ ಮೇಲೊಂದು ತಮ್ಮ ಕಂಪ್ಯೂಟರಿಗೆ ಚುಚ್ಚಿ ತೋರಿಸಿದರು. ಪರದೆಯ ಮೇಲೆ ಕೀಬೋರ್ಡಿನ ಚಿತ್ರ ಬರುತ್ತದೆ, ನಾವು ಒತ್ತಿದ ಕೀ ಅಲ್ಲಿ ಹಸಿರಾಗುತ್ತದೆ. ಹೊಸದರ ಮೇಲೆ ಎರಡೂ ಅಂಗೈ ಊರಿದೆ, ಅಷ್ಟೂ ಹಸಿರಾಯಿತು. ಹಳೆಯದರ ಮೇಲೆ ಊರಿದೆ, ಅಲ್ಲೊಂದು ಇಲ್ಲೊಂದು ಹೊತ್ತಿತು, ಅಷ್ಟೆ. ಕೆಟ್ಟಿದೆಯೇ ಎಂದೆ. ಅವರು ಚಹಾದ ಲೋಟ ಇಳಿಸದೆಯೇ ಹೇಳಿದರು: “ಕೆಟ್ಟಿಲ್ಲ ಅಮ್ಮಾ. ಇದು ಹುಟ್ಟಿದ್ದೇ ಹಿಂಗೆ. ಕೆಲವು ಮೂರು ಕೀ ಒಟ್ಟಿಗೆ ಒತ್ತಿ ಹಿಡಿದ್ರೆ ನಾಲ್ಕನೇದು ಇದಕ್ಕೆ ಕೇಳ್ಸೋದೇ ಇಲ್ಲ. ಒಬ್ಬರೇ ಟೈಪ್ ಮಾಡೋರಿಗೆ ಗೊತ್ತೇ ಆಗಲ್ಲ. ಇಬ್ಬರು ಕೂತು ಆಡಿದ್ರೆ ಒಬ್ಬರಿಗೆ ಅನ್ಯಾಯ.”

ಅಣ್ಣಾ, ಆಗ ನನಗೆ ನಿನ್ನ ಎಡಗೈ ಕಣ್ಣಮುಂದೆ ಬಂತು. ನಮ್ಮ ಎರಡು ಟ್ಯಾಂಕಿನ ಆಟದಲ್ಲಿ ನೀನು ಎಡಗಡೆ, ನಾನು ಬಲಗಡೆ. ನಾನು ನಿನ್ನ ಟ್ಯಾಂಕಿನ ಎದುರಿಗೆ ಬಂದು ಗುಂಡು ಹಾರಿಸುವ ಹೊತ್ತಿಗೆ ಸರಿಯಾಗಿ ನಿನ್ನ ಎಡಗೈಯ ಕೊನೆಯ ಎರಡು ಬೆರಳು ಅಂಚಿನ ಎರಡು ಕೀಗಳ ಮೇಲೆ ಹೋಗಿ ಕೂರುತ್ತಿದ್ದವು. ಆ ಕೀಗಳಿಗೆ ಆಟದಲ್ಲಿ ಕೆಲಸವೇ ಇರಲಿಲ್ಲ. ಅವನ್ನು ಯಾಕೆ ಒತ್ತುತ್ತೀಯ ಎಂದು ಒಂದು ಸಲ ಕೇಳಿದ್ದೆ. “ಅದು ನನ್ ಕೈಗುಣ” ಎಂದಿದ್ದೆ ನೀನು. ಮನೆಯವರೆಲ್ಲ ನಕ್ಕಿದ್ದರು, ನಾನೂ ನಕ್ಕಿದ್ದೆ. ಆ ಅಂಗಡಿಯಲ್ಲಿ ನಿಂತು ನಿನ್ನ ಹಾಗೆಯೇ ಆ ಎರಡರ ಮೇಲೆ ಬೆರಳಿಟ್ಟೆ, ಟ್ಯಾಂಕು ಓಡಿಸುವ ಕೀ ಒಂದನ್ನು ಒತ್ತಿದೆ, ಬಲಗೈಯಲ್ಲಿ ನನ್ನ ಗುಂಡಿನ ಕೀ ಒತ್ತಿದೆ. ಮೂರು ಹಸಿರಾದವು. ನನ್ನದು ಕಪ್ಪಗೇ ಇತ್ತು. ಮತ್ತೆ ಮತ್ತೆ ಒತ್ತಿದೆ, ಕಪ್ಪಗೇ ಇತ್ತು. ಅಂಗಡಿಯವರು “ಮೆಲ್ಲಗೆ ಅಮ್ಮಾ, ಮುರಿದೀತು” ಎಂದರು.

ಇನ್ನೊಂದು ನೆನಪಾಯಿತು. ನೀನು ಎಡಗೈ ಸುಟ್ಟುಕೊಂಡು ಬ್ಯಾಂಡೇಜ್ ಸುತ್ತಿಕೊಂಡಿದ್ದ ವಾರ ಒಂದೇ ಕೈಯಲ್ಲಿ ಆಡಿದ್ದೆ. ಆ ವಾರ ಒಂದಾಟವೂ ಬಿಡದೆ ನಾನೇ ಗೆದ್ದೆ. ಅಮ್ಮ ನಿನ್ನ ತಲೆ ಸವರಿ “ಪಾಪ, ಮಗುಗೆ ಕೈ ಇಲ್ಲ, ಅದಕ್ಕೇ ಇವಳು ಗೆದ್ಲು” ಎಂದು ಇದ್ದ ಸಿಹಿಯನ್ನೆಲ್ಲ ನಿನ್ನ ತಟ್ಟೆಗೇ ಹಾಕಿದ್ದರು. ಗೆದ್ದವಳು ನಾನು, ತಿಂದವನು ನೀನು. ಬ್ಯಾಂಡೇಜ್ ಬಿಚ್ಚಿದ ಮರುದಿನ ನಿನ್ನ ಕೈಗುಣ ವಾಪಸು ಬಂತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ ಎನ್ನುತ್ತಾರೆ. ಈ ಲೋಕಕ್ಕೆ ಗೊತ್ತಾಗಲಿಲ್ಲ ನೋಡು, ಇಷ್ಟು ವರ್ಷ ಗೊತ್ತಾಗಲಿಲ್ಲ.

ಸಿಹಿ ಹೋಗಲಿ, ಇದೇ ಆಟದಲ್ಲಿ ನೀನು ಗೆದ್ದುಕೊಂಡ ಕಿಟಕಿ ಪಕ್ಕದ ಮಂಚ ಹೋಗಲಿ. ಮಾವ ಬಂದು “ಪ್ರೆಸ್ಸಲ್ಲಿ ಒಬ್ಬರಿಗೆ ಕೆಲಸ ಕಲಿಸ್ತೀನಿ, ಮನೇಲಿ ಒಬ್ಬರಿಗೇ ಜಾಗ ಇದೆ” ಎಂದಾಗಲೂ ನಾವು ಐದಾಟ ಆಡಿದ್ದೆವು. ನನಗೆ ಹೋಗಬೇಕಿತ್ತು. ಆ ದೊಡ್ಡ ಯಂತ್ರಗಳ ನಡುವೆ ನಿಲ್ಲಬೇಕೆಂದು ಎಷ್ಟು ಆಸೆಯಿತ್ತೆಂದು ನಿನಗೆ ಮಾತ್ರ ಹೇಳಿಕೊಂಡಿದ್ದೆ. ಎರಡೆರಡು ಸಮವಾಗಿ ಕೊನೆಯಾಟದಲ್ಲಿ ನಿನ್ನ ಎದುರಿಗೇ ಬಂದೆ, ಒತ್ತಿದೆ, ಗುಂಡು ಹಾರಲಿಲ್ಲ. ನೀನು ಬಸ್ಸು ಹತ್ತಿದೆ. ಬಸ್ಸಿಗೆ ತಿಂಡಿ ಕಟ್ಟಿಕೊಟ್ಟವಳೂ ನಾನೇ. ಆಮೇಲೆ ನ್ಯಾಯಾಲಯದ ಬೆರಳಚ್ಚು ಕೆಲಸಕ್ಕೆ ಕರೆ ಬಂದಾಗ ಅಪ್ಪ ಮೆಲ್ಲಗೆ ಹೇಳಿದರು: “ಅದು ವೇಗದ ಪರೀಕ್ಷೆ ಮಗಳೇ. ಸುಮ್ನೆ ಯಾಕೆ ಮನಸ್ಸಿಗೆ ಬೇಜಾರು ಮಾಡ್ಕೋತೀಯ?” ನಾನು ಹೋಗಲಿಲ್ಲ. ಈ ಬೀದಿಯಲ್ಲಿ ನನ್ನಷ್ಟು ಬೇಗ ಟೈಪ್ ಮಾಡುವವರು ಇನ್ನೊಬ್ಬರಿಲ್ಲ, ಆದರೂ ಹೋಗಲಿಲ್ಲ. ನೀನು ಕದ್ದದ್ದು ಆಟವಲ್ಲ ಅಣ್ಣಾ, ನನ್ನ ಕೈಯ ಮೇಲೆ ನನಗಿದ್ದ ನಂಬಿಕೆ. ಅದಕ್ಕೆ ನಿನ್ನನ್ನು ಕ್ಷಮಿಸುವ ಯೋಚನೆ ನನಗೆ ಬಂದಿಲ್ಲ, ಬರುವ ಸೂಚನೆಯೂ ಇಲ್ಲ.

ಎತ್ತಿಟ್ಟ ಸದ್ದಿಲ್ಲದ ಕೀಬೋರ್ಡನ್ನು ಅಲ್ಲೇ ವಾಪಸಿಟ್ಟೆ, ಸದ್ದು ಮಾಡುವುದನ್ನೇ ತಂದೆ. ನೀನು ಬಂದಾಗ ಮಲಗುವ ಕೋಣೆ ಅಂಗಡಿಯ ಗೋಡೆಗೇ ಅಂಟಿಕೊಂಡಿದೆಯಲ್ಲ, ಊಟವಾದ ಮೇಲಿನ ನಿನ್ನ ನಿದ್ದೆ ಇನ್ನು ಮುಂದೆ ನನ್ನ ಕೈಯಲ್ಲಿದೆ. ಅಮ್ಮನ ಮಂಚವನ್ನು ಹಿಂದಿನ ಕೋಣೆಗೆ ಸರಿಸಿದ್ದೇನೆ. ಬರಿಯ ಸದ್ದಿನಿಂದ ತೀರುವ ಲೆಕ್ಕ ಇದಲ್ಲ ಎಂದು ನನಗೂ ಗೊತ್ತು. ಇನ್ನೂ ಅಪ್ಪನಿಗೆ ಏನೂ ಹೇಳಿಲ್ಲ. ಹೇಳಿದರೆ ಅವರು ನಿನ್ನನ್ನು ಫೋನಿನಲ್ಲಿ ಬೈಯುತ್ತಾರೆ, ನೀನು ನಗುತ್ತೀಯ, ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಆಗುತ್ತದೆ. ಈ ಮನೆಯಲ್ಲಿ ನಿಜವಾದ ಎಮ್ಮೆ ಯಾರೆಂದು ಭಾನುವಾರ ನೋಡೋಣ. ಮಾವ ಬರುತ್ತಾರೆ, ದೊಡ್ಡಮ್ಮ ಬರುತ್ತಾರೆ, ಮೇಲಿನ ಮನೆಯವರಿಗೂ ಅಪ್ಪ ಹೇಳಿಯಾಗಿದೆ. ಅಪ್ಪ ಪರದೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದಾರೆ. ಹೊಸ ಕಣ್ಣಲ್ಲಿ ನಮ್ಮ ಆಟ ನೋಡಬೇಕಂತೆ. ಪರದೆಯಷ್ಟೇ ಅಲ್ಲ, ಬೆರಳುಗಳೂ ಅವರಿಗೆ ಕಾಣಿಸುತ್ತವೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮಕ್ಕಳಿಗೆ ಮುತ್ತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಬಸ್ಸು ಹತ್ತು, ಕಿಟಕಿ ಪಕ್ಕ ಕೂರು, ಅದು ಹೇಗೂ ನಿನಗೆ ರೂಢಿ. ಅವಸರವಿಲ್ಲ, ನಿಧಾನವಾಗಿ ಬಾ.

ಇಂತಿ ನಿನ್ನ ತಂಗಿ,
ಎಮ್ಮೆ

ಮರೆತಿದ್ದೆ: ಹೊಸ ಕೀಬೋರ್ಡು ಗಿರಾಕಿಗಳ ಕೆಲಸಕ್ಕೆ. ಭಾನುವಾರ ಮೇಜಿನ ಮೇಲೆ ಹಳೆಯದೇ ಇರುತ್ತದೆ, ಧೂಳು ಒರೆಸಿ ಇಟ್ಟಿದ್ದೇನೆ. ನೀನೇ ಕೇಳಿದ್ದಲ್ಲವೇ, ಅಪ್ಪನಿಗೂ ನೆನಪಿದೆ. ಬೇರೆಯದು ತಂದರೆ ಯಾಕೆ ತಂದೆ ಎಂದು ಅವರು ಕೇಳುತ್ತಾರೆ, ಬರದೇ ಇದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಏನು ಹೇಳಬೇಕೋ ಯೋಚಿಸಿಕೊಂಡು ಬಾ, ಎಲ್ಲರೂ ಕೇಳಲು ಕೂತಿರುತ್ತಾರೆ. ಹಿಂದಿನ ಸಲ ಸೋತವಳು ನಾನು, ಹಾಗಾಗಿ ಕಡೆ ಆರಿಸುವ ಸರದಿ ನನ್ನದು. ಆ ಬ್ಯಾಂಡೇಜಿನ ವಾರ ಬಿಟ್ಟರೆ ಪ್ರತಿ ಸಲವೂ ನನ್ನದೇ ಇತ್ತು. ನೀನು ಹೇಳಿದ್ದನ್ನು ನಂಬಿ ನಾನೇ ಬಲಗಡೆ ಕೂರುತ್ತಿದ್ದೆ. ಈ ಸಲ ಎಡಗಡೆ ನನಗೆ. ನೀನು ಬಲಗಡೆ ಕೂರು ಅಣ್ಣಾ. ನೀನೇ ಹೇಳುತ್ತಿದ್ದೆಯಲ್ಲ: “ಬಾಣದ ಕೀ ಇರೋ ಕಡೆ ಸುಲಭ, ಪುಟ್ಟ ಕೈಗೆ ಅದೇ ಸರಿ.”