ನಿಂತೇ ಉಣ್ಣುತ್ತಿದ್ದ ಅಮ್ಮನಿಗೆ

ಅಮ್ಮಾ,

ನೀನಿಲ್ಲದಿದ್ದರೂ ಈ ಸುದ್ದಿಯನ್ನು ಮೊದಲು ಹೇಳಬೇಕಾದದ್ದು ನಿನಗೇ! ವರ್ಷಗಟ್ಟಲೆ ಕಾಡುವ ಕೆಳಹೊಟ್ಟೆ, ಸೊಂಟದ ನೋವಿನವರ ಸಭೆಗೆ ಇವತ್ತು ಮೊದಲ ಸಲ ಹೋಗಿದ್ದೆ. ಕೋಣೆ ತುಂಬ ಜನ, ಆದರೆ ಕುರ್ಚಿಗಳೆಲ್ಲ ಖಾಲಿ! ಕೆಲವರು ಗೋಡೆಗೆ ಒರಗಿದ್ದರು, ಕೆಲವರು ಚಾಪೆಯ ಮೇಲೆ ಮಗ್ಗುಲಾಗಿದ್ದರು, ಒಬ್ಬ ಬಸ್ ಡ್ರೈವರ್ ಕಿಟಕಿ ಹಿಡಿದು ನಿಂತಿದ್ದರು. ಗಂಡಸರಿಗೂ ಇದು ಬರುತ್ತದಂತೆ!

"ಇಲ್ಲಿ ಯಾರನ್ನೂ ಕೂತ್ಕೊಳ್ಳಿ ಅಂತ ಬಲವಂತ ಮಾಡಲ್ಲ," ಎಂದರು ಫಿಸಿಯೋಥೆರಪಿ ಮೇಡಂ.

ಪಕ್ಕದಲ್ಲಿ ನಿಂತಿದ್ದ ಟೈಲರ್ ಅಕ್ಕ ಕಿಸಕ್ಕನೆ ನಕ್ಕರು. "ಯಾರ ಜೊತೆನೂ ಕೂರಲ್ಲ, ಜಂಭ ಅಂತಾರೆ ಕಣ್ರೀ ನಮ್ಮನೇಲಿ!"

ನಿನ್ನ ಬಗ್ಗೆ ನಾವು ಆಡುತ್ತಿದ್ದ ಅದೇ ಮಾತು.

ಮೇಡಂ ಪ್ಲಾಸ್ಟಿಕ್ ಸೊಂಟದ ಮೂಳೆಯೊಂದನ್ನು ಹಿಡಿದು, ತಳದ ಸ್ನಾಯುಗಳು ನೋವಿಗೆ ಹೆದರಿ ಮುಷ್ಟಿಯಂತೆ ಬಿಗಿದುಕೊಳ್ಳುವುದನ್ನು ತೋರಿಸಿದರು. "ಇದು ನಿಮ್ಮ ಭ್ರಮೆ ಅಲ್ಲ. ಹೊಟ್ಟೆ ಒಳಗೆ ಎಳ್ಕೋಬೇಡಿ, ಸಡಿಲ ಬಿಡಿ." ಬಿಟ್ಟೆ. ಎಷ್ಟು ಕಾಲದಿಂದ ಎಳೆದುಕೊಂಡಿದ್ದೆನೋ! ಕುಣಿಯಬೇಕು ಅನ್ನಿಸಿತು.

ಮನೆಗೆ ಬಂದು, ನೀನು ನಿಲ್ಲುತ್ತಿದ್ದ ಒಲೆಯ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತೆ. ಮಗಳು ಊಟ ನಿಲ್ಲಿಸಿ ತಲೆಯೆತ್ತಿದಳು.

"ಯಾಕಮ್ಮಾ, ಕೂತ್ರೆ ನೋಯತ್ತಾ?"

ಈ ಅಡುಗೆಮನೆಯಲ್ಲಿ ಆ ಮಾತು ಕೇಳಿಸಿದ್ದು ಇದೇ ಮೊದಲು.