ಮೀನು ತೋರಿಸುವ ಡಬ್ಬಿ ಬೆಳಗದಿದ್ದರೆ

ಅಪ್ಪಾ,

ನಾನು ಕೆಲಸಕ್ಕೆ ಹೊರಟೆ. ನಿನ್ನ ಮೀನು ತೋರಿಸುವ ಡಬ್ಬಿ ಊಟದ ಮೇಜಿನ ಮೇಲಿದೆ. ಅಮ್ಮ ಇದ್ದಿದ್ದರೆ ಅದನ್ನೂ ನಿನ್ನನ್ನೂ ಒಟ್ಟಿಗೇ ಹೊರಗೆ ಹಾಕುತ್ತಿದ್ದಳು.

ಬ್ಯಾಟರಿ ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು, ವಿನೆಗರ್ ಹಾಕಿ ಬ್ರಷ್‌ನಲ್ಲಿ ಉಜ್ಜಿದ್ದೇನೆ. ನಿನ್ನ ಹಲ್ಲುಜ್ಜುವ ಬ್ರಷ್‌ನಲ್ಲಿ. ಹೊಸದು ತಂದಿಟ್ಟಿದ್ದೇನೆ. ತಂತಿಯಲ್ಲಿ ನೀರಿಗೆ ಇಳಿಬಿಡುವ, ಸದ್ದು ಕಳಿಸಿ ಮೀನು ಹುಡುಕುವ ಬಿಲ್ಲೆಗೆ ಐಸ್ ಕಟ್ಟಿದರೆ ಬೆಚ್ಚಗಿನ ನೀರಲ್ಲಿ ಅದ್ದು. ಚಾಕುವಿನಿಂದ ಕೆರೆಯಬೇಡ, ಹೋದ ವರ್ಷದ ಕಥೆ ಸಾಕು.

ಇನ್ನೊಂದು ವಿಷಯ. ನಿನ್ನೆ ಇಡೀ ಮಧ್ಯಾಹ್ನ ಹೆಪ್ಪುಗಟ್ಟಿದ ಕೆರೆಯ ಮೇಲಿನ ಗುಡಿಸಲಲ್ಲಿ, ಐಸ್‌ಗೆ ಕೊರೆದ ತೂತಿನ ಮುಂದೆ ಕೂತು, "ತಳದಲ್ಲೇ ನಿಂತಿದೆ ಕಣೇ, ದೊಡ್ಡದು!" ಅಂತ ಗಾಳ ಕುಣಿಸಿದೆಯಲ್ಲ, ಅದು ಮೀನಲ್ಲ. ಪಕ್ಕದ ಗುಡಿಸಲಿನ ಓರ್ವಿಲ್ ಮಾಮನ ಡಬ್ಬಿಯ ಸದ್ದು ನಿನ್ನದರಲ್ಲಿ ಕೆಂಪು ಗೆರೆಯಾಗಿ ಮೂಡಿತ್ತು. ನಿನ್ನ ಡಬ್ಬಿಯ ಸದ್ದು ಅವರದರಲ್ಲಿ ಮೂಡಿಸಿದ ಗೆರೆಯನ್ನೇ ಮೀನು ಅಂದುಕೊಂಡು ಅವರೂ ಕತ್ತಲಾಗುವವರೆಗೆ ಕೂತಿದ್ದರಂತೆ. ಇಬ್ಬರು ಬುದ್ಧಿವಂತರು ಒಬ್ಬರಿಗೊಬ್ಬರು ಗಾಳ ಹಾಕಿಕೊಂಡು ಕೂತಿದ್ದೀರಿ! ಬಲಗಡೆಯ ತಿರುಪು ಸ್ವಲ್ಪ ತಿರುಗಿಸಿದ್ದರೆ ಆ ಗೆರೆ ಹೋಗುತ್ತಿತ್ತು.

ಇಷ್ಟೆಲ್ಲ ಆದಮೇಲೂ ದೀಪ ಬರದಿದ್ದರೆ ಡಬ್ಬಿ ಬಿಚ್ಚಲು ಹೋಗಬೇಡ. ಅದು ಕೆಟ್ಟಿಲ್ಲ. ಬ್ಯಾಟರಿ ನನ್ನ ಕಾರಿನಲ್ಲಿದೆ.

ಹೊಳೆ ಬಂದು ಸೇರುವ ಕಡೆ ಕೆರೆಯ ಐಸ್ ಕರಗಿ ತೆಳುವಾಗಿ ಕಪ್ಪಗಾಗಿದೆ. ಬೆಳಿಗ್ಗೆ ದಡದಲ್ಲಿ ನಿಂತು ನೋಡಿ ಬಂದೆ. ನೀನು ನೋಡಿದರೆ "ಇನ್ನೊಂದು ವಾರ ತಡೆಯುತ್ತೆ" ಅನ್ನುತ್ತೀಯ. ಪ್ರತಿ ಮಾರ್ಚ್‌ನಲ್ಲೂ ಅದೇ ಮಾತು.

ಫ್ರಿಜ್‌ನಲ್ಲಿ ಮೀನಿದೆ, ಹುರಿದುಕೋ. ಸಂಜೆ ನಾನು ಬಂದಾಗ ಎಷ್ಟು ಬೇಕಾದರೂ ಬೈಯಿ. ಬೈಯುವುದಕ್ಕೆ ನೀನು ಮನೆಯಲ್ಲಿರಬೇಕು, ಅಷ್ಟೇ.

ಸಿಗ್ರಿಡ್