ನಾವೂ ನಿಮ್ಮೋರೇ

ಅಪ್ಪಾ,

ನೀವು ಹೋದ ಮೇಲೆ ಶಾಲೆಯ ಸುದ್ದಿ ಹೇಳಲು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲ ಸಮುದಾಯದ ಮಕ್ಕಳನ್ನೂ ಸಮಾನವಾಗಿ ಕಾಣಬೇಕೆಂದು ನಮ್ಮ ಚಂದ್ರಾ ಲೇಔಟಿನ ಶಾಲೆಯಲ್ಲಿ ಒಂದು ಸಮಿತಿ ಮಾಡಿದ್ದಾರೆ. ಪ್ರಿನ್ಸಿಪಾಲರು ನನ್ನನ್ನು ಕರೆದು, "ಅಸೆಂಬ್ಲಿಯಲ್ಲಿ ನೀವೇ ಮಾತಾಡಿ ಮಿಸ್. ನಿಮ್ಮ ಕಮ್ಯುನಿಟಿಯವರೇ ಹೇಳಿದ್ರೆ ಚೆನ್ನಾಗಿರತ್ತೆ" ಎಂದರು. ನನಗೆ ಹೆಮ್ಮೆಯಾಯಿತೋ ಅವಮಾನವಾಯಿತೋ ತಿಳಿಯಲಿಲ್ಲ. ಇವತ್ತು ಬೆಳಿಗ್ಗೆ ಮೈಕ್ ಹಿಡಿದು, ನಾವು ದಲಿತರು ಎಂದೆ. ಇಲ್ಲಿ ಯಾರೂ ಏನನ್ನೂ ಮುಚ್ಚಿಡಬೇಕಾಗಿಲ್ಲ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ದಿನಾ ನನ್ನ ಡಬ್ಬಿಯಿಂದ ಪಲ್ಯ ಹಾಕಿಸಿಕೊಳ್ಳುತ್ತಿದ್ದ ವತ್ಸಲಾ ಮಿಸ್ ಮಧ್ಯಾಹ್ನ, "ಇವತ್ಯಾಕೋ ಹಸಿವಿಲ್ಲ ಕಣ್ರೀ" ಎಂದರು. ನಿಜಕ್ಕೂ ಹಸಿವಿರಲಿಲ್ಲವೇನೋ.

ಸಂಜೆ ಎಂಟನೇ ತರಗತಿಯ ಸ್ಪಂದನ ಮೆಟ್ಟಿಲ ಬಳಿ ಕಾದಿದ್ದಳು. "ಮಿಸ್, ನಾವೂ ನಿಮ್ಮೋರೇ. ಯಾರಿಗೂ ಹೇಳ್ಬೇಡಿ, ಅಪ್ಪ ಬೈತಾರೆ" ಎಂದು ಪಿಸುಗುಟ್ಟಿದಳು.

"ಹೇಳಲ್ಲ ಕಣಮ್ಮ" ಎಂದುಬಿಟ್ಟೆ.

ಬೆಳಿಗ್ಗೆ ಆಡಿದ ಮಾತು ಸರಿಯೋ, ಸಂಜೆ ಕೊಟ್ಟ ಮಾತು ಸರಿಯೋ, ಗೊತ್ತಾಗುತ್ತಿಲ್ಲ. ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ ಕೇಳುವಾಗ ನೀವು ಜಾತಿ ಮುಚ್ಚಿಟ್ಟಿದ್ದಕ್ಕೆ ನಾನು ವಾರಗಟ್ಟಲೆ ಮಾತು ಬಿಟ್ಟಿದ್ದೆ.

ಆ ಹುಡುಗಿಯ ಅಪ್ಪನ ಮೇಲೆ ಮಾತ್ರ ನನಗೆ ಸಿಟ್ಟೇ ಬರಲಿಲ್ಲ.

ಕಲಾ